ಎಲ್ಲರಿಗೂ ದಾರಿ ಬಿಡುವವರು ಒಳ್ಳೆಯ ಡ್ರೈವರಾ?

ನೀವು ಎರಡು ವಿಷಯ ಕೇಳಿದ್ದೀರಿ. ಸ್ಟೀರಿಂಗ್ ಹಿಡಿದ ಕೂಡಲೇ ಒಳ್ಳೆಯ ಜನ ಕೂಡ ಯಾಕೆ ಒರಟಾಗುತ್ತಾರೆ ಎನ್ನುವುದು ಒಂದು. ನಾನು ಎಲ್ಲರಿಗೂ ನಿಂತು ದಾರಿ ಬಿಡುತ್ತೇನೆ, ಆದರೂ ಹಿಂದಿನವರು ಯಾಕೆ ಹಾರ್ನ್ ಹೊಡೆಯುತ್ತಾರೆ ಎನ್ನುವುದು ಇನ್ನೊಂದು. ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ಹಾರ್ನ್ ಹೊಡೆದವರ ಕಡೆಗೂ ಸ್ವಲ್ಪ ನ್ಯಾಯ ಇದೆ.

ಯಾರಿಗೋ ದಾರಿ ಬಿಡಲು ನೀವು ಬ್ರೇಕ್ ಹಾಕುತ್ತೀರಿ. ಆ ವ್ಯಕ್ತಿ ನಿಮಗೆ ಕಾಣುತ್ತಾನೆ, ಹಿಂದಿನವರಿಗೆ ಕಾಣುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಕಾರಣವಿಲ್ಲದೆ ನಡುರಸ್ತೆಯಲ್ಲಿ ನಿಂತ ಒಂದು ಗಾಡಿ. ನೀವು ಮಾಡಿದ ಉಪಕಾರದ ಖರ್ಚು ಅವರ ಲೆಕ್ಕಕ್ಕೆ ಬೀಳುತ್ತದೆ. ಅದಕ್ಕೇ ದಾರಿ ಬಿಡುವ ಮೊದಲು ನಾನು ಕನ್ನಡಿ ನೋಡುತ್ತೇನೆ. ಹಿಂದೆ ಯಾರೂ ಇಲ್ಲ ಅಂದರೆ ನಿಲ್ಲುವ ಅಗತ್ಯವೇ ಇಲ್ಲ, ನಾನು ದಾಟಿದ ಮೇಲೆ ರಸ್ತೆ ಹೇಗೂ ಖಾಲಿ. ಯಾರಾದರೂ ತೀರಾ ಅಂಟಿಕೊಂಡು ಬರುತ್ತಿದ್ದರೆ ದಿಢೀರ್ ಅಂತ ನಿಲ್ಲುವುದೇ ಅಪಾಯ. ಜೀಬ್ರಾ ಪಟ್ಟೆ, ಆಂಬುಲೆನ್ಸ್ ಮಾತು ಬೇರೆ, ಅಲ್ಲಿ ಆಯ್ಕೆಯ ಪ್ರಶ್ನೆ ಬರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಕೈಸನ್ನೆ. ಒಂದೇ ದಿಕ್ಕಿಗೆ ಎರಡು ಲೇನ್ ಇರುವ ರಸ್ತೆಯನ್ನು ನೆನೆಸಿಕೊಳ್ಳಿ. ಯಾರೋ ಮಗುವಿನ ಕೈ ಹಿಡಿದು ದಾಟಲು ನಿಂತಿದ್ದಾರೆ. ನೀವು ನಿಲ್ಲಿಸಿ, ಹೋಗಿ ಹೋಗಿ ಅಂತ ಕೈ ಆಡಿಸುತ್ತೀರಿ. ಪಕ್ಕದ ಲೇನ್‌ನಲ್ಲಿ ಬರುವ ಬೈಕಿನವನಿಗೆ ಅವರು ಕಾಣುವುದೇ ಇಲ್ಲ, ನಿಮ್ಮ ಗಾಡಿಯೇ ಅಡ್ಡ. ನಿಮ್ಮ ಕೈ ಹೇಳಿದ್ದು 'ನಾನು ಗುದ್ದುವುದಿಲ್ಲ' ಅಂತ ಅಷ್ಟೇ. ದಾಟುವವರಿಗೆ ಕೇಳಿಸಿದ್ದು 'ಯಾರೂ ಗುದ್ದುವುದಿಲ್ಲ' ಅಂತ. ಈ ಅಪಘಾತದಲ್ಲಿ ಮೂವರೂ ಕೆಟ್ಟವರಲ್ಲ, ಗಮನಿಸಿ. ಹಾಗಾಗಿ ನಿಲ್ಲಬೇಕಾದ ಕಡೆ ಸ್ವಲ್ಪ ಹಿಂದೆಯೇ ನಿಲ್ಲಬೇಕು, ಪಕ್ಕದವನ ನೋಟಕ್ಕೆ ಅಡ್ಡ ಬರಬಾರದು. ಕೈ ಆಡಿಸುವುದು ಬೇಡ. ಯಾವಾಗ ದಾಟಬೇಕು ಅನ್ನುವುದನ್ನು ದಾಟುವವರೇ ಎರಡೂ ಕಡೆ ನೋಡಿ ತೀರ್ಮಾನಿಸಲಿ.

ನನ್ನ ಮಟ್ಟಿಗೆ ರಸ್ತೆಯಲ್ಲಿ ಸೌಜನ್ಯ ಅಂದರೆ ಬೇರೆಯವರ ಊಹೆಗೆ ಸಿಗುವ ಹಾಗೆ ಓಡಿಸುವುದು. ಈ ಗಾಡಿ ಮುಂದೆ ಏನು ಮಾಡುತ್ತದೆ ಅಂತ ಸುತ್ತಲಿನವರಿಗೆ ಗೊತ್ತಾಗಬೇಕು. ಇಂಡಿಕೇಟರ್ ವಿಷಯವನ್ನೇ ತೆಗೆದುಕೊಳ್ಳಿ. ತುಂಬಾ ಜನ ತಿರುಗಲು ಶುರು ಮಾಡಿದ ಮೇಲೆ ಅದನ್ನು ಹಾಕುತ್ತಾರೆ. ತಿರುಗುವುದು ಕಣ್ಣಿಗೇ ಕಾಣುತ್ತಿರುವಾಗ ದೀಪ ಯಾಕೆ? ಬ್ರೇಕ್ ಮುಟ್ಟುವ ಮೊದಲೇ ಹಾಕಿದರೆ ಹಿಂದಿನವರಿಗೆ ಉಪಯೋಗ.

ಲೇನ್ ಮುಗಿದು ಇನ್ನೊಂದಕ್ಕೆ ಸೇರುವ ಜಾಗದಲ್ಲಂತೂ ಒಳ್ಳೆಯ ಮನಸ್ಸಿನವರೇ ಜಾಸ್ತಿ ಜಗಳ ಆಡುತ್ತಾರೆ. ಮುಂಚೆಯೇ ಪಕ್ಕಕ್ಕೆ ಸೇರಿಕೊಂಡು ಸಾಲಿನಲ್ಲಿ ಕಾಯುವವರಿಗೆ, ಕೊನೆಯವರೆಗೂ ಖಾಲಿ ಲೇನ್‌ನಲ್ಲಿ ಹೋಗುವವರನ್ನು ಕಂಡರೆ ಮೈ ಉರಿಯುತ್ತದೆ. ಆದರೆ ಜರ್ಮನಿಯ ಸಂಚಾರ ನಿಯಮದ ಪ್ರಕಾರ ಸರಿಯಾದ ಕ್ರಮ ಅದೇ: ಕೊನೆಯವರೆಗೂ ಹೋಗಿ, ಅಲ್ಲಿ ಈ ಕಡೆಯ ಒಂದು, ಆ ಕಡೆಯ ಒಂದು ಅಂತ ಜಿಪ್ ಹಾಕಿದ ಹಾಗೆ ಸೇರಬೇಕು. ಅಲ್ಲಿ ದಾರಿ ಬಿಡಿ, ಖಂಡಿತ ಬಿಡಿ. ಒಬ್ಬರಿಗೆ ಮಾತ್ರ.

ಈಗ ಮೊದಲ ಪ್ರಶ್ನೆ. ಮನುಷ್ಯರು ಎದುರುಬದುರು ಡಿಕ್ಕಿ ಹೊಡೆದರೆ 'ಸಾರಿ' ಅಂದು ಮುಗಿಸುತ್ತಾರೆ. ಕಾರಿನೊಳಗೆ ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಇರುವುದು ಒಂದು ಹಾರ್ನ್. 'ಇಲ್ಲಿದ್ದೇನೆ, ಹುಷಾರು' ಎನ್ನುವುದಕ್ಕೂ ಅದೇ, 'ಹಸಿರು ಬಿತ್ತು, ಹೊರಡಿ' ಎನ್ನುವುದಕ್ಕೂ ಅದೇ, ಬೈಗುಳಕ್ಕೂ ಅದೇ. ಕೇಳಿಸಿಕೊಂಡವರು ಮೂರನೆಯ ಅರ್ಥವನ್ನೇ ಆರಿಸಿಕೊಳ್ಳುತ್ತಾರೆ.

ಇದರ ಜೊತೆಗೆ ಇನ್ನೊಂದು ತೊಂದರೆ ಇದೆ. ಬೇರೆಯವರ ತಪ್ಪಿಗೆ ಅವರ ಸ್ವಭಾವ ಕಾರಣ, ನಮ್ಮ ತಪ್ಪಿಗೆ ಸಂದರ್ಭ ಕಾರಣ ಅಂತ ಮನಸ್ಸು ಸುಲಭವಾಗಿ ನಂಬಿಬಿಡುತ್ತದೆ. ನಾನು ಅಡ್ಡ ಬಂದರೆ ತುರ್ತು ಕೆಲಸ, ಅವನು ಬಂದರೆ ಅಹಂಕಾರ. 1981ರಲ್ಲಿ ಓಲಾ ಸ್ವೆನ್ಸನ್ ಎಂಬ ಸಂಶೋಧಕರು ಅಮೆರಿಕ ಮತ್ತು ಸ್ವೀಡನ್‌ನ ವಿದ್ಯಾರ್ಥಿಗಳನ್ನು, ಗುಂಪಿನ ಉಳಿದವರಿಗೆ ಹೋಲಿಸಿದರೆ ನಿಮ್ಮ ಡ್ರೈವಿಂಗ್ ಹೇಗೆ ಅಂತ ಕೇಳಿದರು. ಕೌಶಲದಲ್ಲಿ ತಾವು ಮೇಲಿನ ಅರ್ಧದಲ್ಲಿದ್ದೇವೆ ಅಂದವರು ಅಮೆರಿಕದಲ್ಲಿ 93%, ಸ್ವೀಡನ್‌ನಲ್ಲಿ 69%. ಅರ್ಧದಲ್ಲಿ ಇಷ್ಟು ಜನ ಹಿಡಿಯುವುದಿಲ್ಲ, ಅಲ್ವಾ? ಇವರೆಲ್ಲ ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ವೇಗವಾಗಿ ಓಡಿಸುವವನಿಗೆ ವೇಗವೇ ಕೌಶಲ, ನಿಧಾನವಾಗಿ ಹೋಗುವವನಿಗೆ ಎಚ್ಚರಿಕೆಯೇ ಕೌಶಲ. ಅಳತೆಗೋಲು ಅವರವರದೇ ಆದಾಗ ಎಲ್ಲರೂ ಪಾಸು.

ಕಣ್ಣು ಕೂಡ ಮೋಸ ಮಾಡುತ್ತದೆ. ಟ್ರಾಫಿಕ್‌ನಲ್ಲಿ ಪಕ್ಕದ ಲೇನ್ ಯಾವಾಗಲೂ ಬೇಗ ಹೋಗುತ್ತದೆ ಅನ್ನಿಸುವುದಿಲ್ಲವೇ? 1999ರಲ್ಲಿ ರೆಡೆಲ್‌ಮೈಯರ್ ಮತ್ತು ಟಿಬ್ಷಿರಾನಿ ಎಂಬಿಬ್ಬರು ಇದಕ್ಕೆ ಚೆಂದದ ವಿವರಣೆ ಕೊಟ್ಟರು. ಎರಡೂ ಲೇನ್‌ಗಳ ಸರಾಸರಿ ವೇಗ ಒಂದೇ ಇದ್ದರೂ, ನಾವು ಚುರುಕಾಗಿ ಚಲಿಸುವಾಗ ಹಲವು ಗಾಡಿಗಳನ್ನು ಕ್ಷಣದಲ್ಲಿ ದಾಟುತ್ತೇವೆ, ನಿಂತಿರುವಾಗ ಅವೇ ಗಾಡಿಗಳು ನಮ್ಮನ್ನು ನಿಧಾನವಾಗಿ ದಾಟುತ್ತವೆ. ಹಾಗಾಗಿ ಹಿಂದೆ ಬೀಳುತ್ತಿರುವ ಹೊತ್ತೇ ಜಾಸ್ತಿ. ನಾವು ದಾಟಿದವರು ಬೆನ್ನ ಹಿಂದೆ ಮರೆಯಾಗುತ್ತಾರೆ, ನಮ್ಮನ್ನು ದಾಟಿದವರು ಕಣ್ಣೆದುರೇ ಇರುತ್ತಾರೆ. ಅದಕ್ಕೇ ಲೇನ್ ಬದಲಿಸುವ ಆಸೆ ಬಂದಾಗ ಪಕ್ಕದ ಲೇನ್‌ನ ಒಂದು ಗಾಡಿಯನ್ನು ಗುರುತಿಟ್ಟುಕೊಳ್ಳಿ. ಅದು ಮುಂದೆ ಹೋಗುತ್ತದೆ, ಆಮೇಲೆ ಮತ್ತೆ ಪಕ್ಕಕ್ಕೇ ಬರುತ್ತದೆ.

ಅವಸರದ ಲೆಕ್ಕವೂ ಅಷ್ಟೇ. 10 ಕಿಲೋಮೀಟರ್ ದಾರಿಗೆ ಗಂಟೆಗೆ 60ರ ವೇಗದಲ್ಲಿ 10 ನಿಮಿಷ, 70ರಲ್ಲಿ ಸುಮಾರು ಎಂಟೂವರೆ ನಿಮಿಷ. ಉಳಿಸಿದ್ದನ್ನು ಒಂದು ಕೆಂಪು ದೀಪ ನುಂಗುತ್ತದೆ.

ಮುಂದಿನ ಗಾಡಿಯಿಂದ ಎರಡು ಸೆಕೆಂಡ್‌ನಷ್ಟು ದೂರ ಇರಬೇಕು ಎನ್ನುವ ನಿಯಮ ಗೊತ್ತಲ್ಲ. 60ರ ವೇಗದಲ್ಲಿ ಅದು 33 ಮೀಟರ್. ಅಷ್ಟು ಜಾಗ ಬಿಟ್ಟರೆ ಯಾರಾದರೂ ನುಗ್ಗುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನುಗ್ಗಲಿ ಬಿಡಿ, ನಿಮಗೆ ಹೋಗುವುದು ಎರಡು ಸೆಕೆಂಡ್. ಜಪಾನಿನ ಸಂಶೋಧಕರು 22 ಕಾರುಗಳನ್ನು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ ಒಂದೇ ವೇಗದಲ್ಲಿ ಓಡಿಸಲು ಹೇಳಿದ್ದರು, 2008ರಲ್ಲಿ ಪ್ರಕಟವಾದ ಪ್ರಯೋಗ. ಸಿಗ್ನಲ್ ಇಲ್ಲ, ಅಪಘಾತ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಟ್ರಾಫಿಕ್ ಜಾಮ್ ತಾನಾಗಿ ಹುಟ್ಟಿ ಹಿಂದಕ್ಕೆ ಸಾಗಿತು. ಒಬ್ಬರು ತುಸು ನಿಧಾನ ಮಾಡಿದರೆ ಹಿಂದಿನವರು ಇನ್ನೂ ಜಾಸ್ತಿ, ಅವರ ಹಿಂದಿನವರು ಪೂರ್ತಿ ನಿಲ್ಲಬೇಕು. ಜಾಗ ಬಿಟ್ಟವರ ಹತ್ತಿರ ಈ ಅಲೆ ಸ್ವಲ್ಪ ಕರಗುತ್ತದೆ.

ನಮ್ಮ ಡ್ರೈವಿಂಗ್ ಹೇಗಿದೆ ಅಂತ ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ಸಾಧನ ಪಕ್ಕದಲ್ಲಿ ಕೂತವರ ಕಾಲು. ಅದು ಇಲ್ಲದ ಬ್ರೇಕನ್ನು ಒತ್ತುತ್ತಿದ್ದರೆ ಬಾಯಿ ಏನು ಹೇಳಿದರೂ ನಂಬಬೇಡಿ. ಎದುರಿನವರು ಲೈಟ್ ಮಿನುಗಿಸಿದರೆ ಬೈಯುವ ಮೊದಲು ನಾನು ಡ್ಯಾಶ್‌ಬೋರ್ಡ್ ನೋಡುತ್ತೇನೆ, ಹೈ ಬೀಮ್ ಉಳಿದಿರಬಹುದು. ಬೈಕ್ ಆದರೆ ಇಂಡಿಕೇಟರ್ ನೋಡಿ, ಬಹಳಷ್ಟು ಬೈಕ್‌ಗಳಲ್ಲಿ ಅದು ತಾನಾಗಿ ಆರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವರು ಹಿಂದೆ ಅಂಟಿಕೊಂಡು ಹಾರ್ನ್ ಹೊಡೆಯುತ್ತಲೇ ಇರುತ್ತಾರೆ. ಅವರಿಗೆ ಬುದ್ಧಿ ಕಲಿಸಲು ಬ್ರೇಕ್ ಒತ್ತಬೇಡಿ. ಮುಂದಿನ ಗಾಡಿಯಿಂದ ಇನ್ನೂ ಸ್ವಲ್ಪ ದೂರ ಉಳಿಯಿರಿ, ಆಗ ನಿಮಗೆ ಜೋರಾಗಿ ಬ್ರೇಕ್ ಹಾಕುವ ಪ್ರಸಂಗ ಬರುವುದಿಲ್ಲ, ಅವರು ಬಂದು ಗುದ್ದುವುದೂ ತಪ್ಪುತ್ತದೆ. ಜಾಗ ಸಿಕ್ಕ ಕಡೆ ಇಂಡಿಕೇಟರ್ ಹಾಕಿ ಸರಿದು, ಹೋಗಲು ಬಿಟ್ಟುಬಿಡಿ.