ಮಕ್ಕಳ ಭೇದಿ ಬಗ್ಗೆ ಹಳ್ಳಿಯ ತಾಯಂದಿರಲ್ಲಿ ಅರಿವು ಮೂಡಿಸಲು ಯಾವ ಪೋಸ್ಟರ್ ಒಳ್ಳೆಯದು?

ತಾಯಂದಿರಿಗೆ ಅರಿವಿಲ್ಲ, ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ) ಪ್ಯಾಕೆಟ್ ಕೊಟ್ಟರೂ ಬಳಸುವುದಿಲ್ಲ ಅಂತ ಬರೆದಿದ್ದೀರಿ. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿ ಸೇರಿದ ಹೊಸತರಲ್ಲಿ ನಾನೂ ಇದೇ ಮಾತು ಹೇಳುತ್ತಿದ್ದೆ.

ಆ ವರ್ಷ ಮಳೆಗಾಲಕ್ಕೆ ಮೊದಲೇ ಅಂಗನವಾಡಿಯಲ್ಲಿ ತಾಯಂದಿರ ಸಭೆ ಕರೆದೆ. ಜಗ್ಗಿನಲ್ಲಿ ಪುಡಿ ಕಲಕಿ ತೋರಿಸಿದೆ. "ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್" ಅಂತ ಎಲ್ಲರ ಬಾಯಲ್ಲೂ ಹೇಳಿಸಿದೆ. ಮನೆಗೊಂದು ಪ್ಯಾಕೆಟ್ ಕೊಟ್ಟು ಸಹಿ ಹಾಕಿಸಿಕೊಂಡೆ.

ಮಳೆ ಹಿಡಿದ ಮೇಲೆ ಒಂದು ಮಗುವಿಗೆ ಭೇದಿ ಶುರುವಾಯಿತು. ಇನ್ನೂ ವರ್ಷ ತುಂಬಿರಲಿಲ್ಲ. ತಾಯಿ ಸಭೆಗೆ ಬಂದಿದ್ದವಳೇ. ನಾನು ಕೊಟ್ಟ ಪ್ಯಾಕೆಟ್ ಒಡೆದಳು, ಆದರೆ ಪೂರ್ತಿ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿದಳು. ಮಗು ವಾಂತಿ ಮಾಡಿಕೊಂಡಿತು, ಭೇದಿ ಜಾಸ್ತಿಯಾಯಿತು. ಅತ್ತೆ ಲೋಟ ಕಿತ್ತುಕೊಂಡು, "ನೀರು ಕೊಟ್ಟಷ್ಟೂ ನೀರೇ ಹೋಗುತ್ತೆ, ಹೊಟ್ಟೆ ಖಾಲಿ ಇರಲಿ" ಅಂದರು. ಎದೆಹಾಲನ್ನೂ ಬಿಡಿಸಿದರು. ನನಗೆ ಸುದ್ದಿ ಬರುವಷ್ಟರಲ್ಲಿ ಕಣ್ಣು ಗುಳಿಬಿದ್ದು, ನೆತ್ತಿ ಇಳಿದು, ಮಗುವಿಗೆ ಅಳಲೂ ಶಕ್ತಿ ಇರಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಉಳಿಸಿಕೊಂಡರು. ಆ ಬೀದಿಯಲ್ಲಿ ಮಾತ್ರ ಬಹಳ ಕಾಲ ನನ್ನ ಕೈಯಿಂದ ಯಾರೂ ಪ್ಯಾಕೆಟ್ ತೆಗೆದುಕೊಳ್ಳಲಿಲ್ಲ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳಲೇಬೇಕು, ನೀವೂ ಇಲ್ಲೇ ಎಡವುತ್ತೀರಿ ಅನ್ನಿಸುತ್ತಿದೆ. ಲೀಟರ್ ಅನ್ನುವುದು ನನ್ನ ಅಳತೆ. ಆ ಮನೆಯಲ್ಲಿ ಇದ್ದದ್ದು ಲೋಟ, ಚೊಂಬು, ಬಿಂದಿಗೆ. ನಾನು ಕಲಕಿ ತೋರಿಸಿದ ಜಗ್ಗು ಅಂಗನವಾಡಿಯಲ್ಲೇ ಉಳಿಯಿತು. ಮಗು ಕುಡಿಯುವುದೇ ನಾಲ್ಕು ಚಮಚ, ಅದಕ್ಕೆ ಅಷ್ಟೊಂದು ನೀರು ಯಾಕೆ ಅಂತ ಆಕೆ ಯೋಚಿಸಿದ್ದಳು. ಗಟ್ಟಿಯಾಗಿದ್ದರೆ ಔಷಧಿ ಬೇಗ ಹಿಡಿಯುತ್ತೆ ಅಂತಲೂ ಅಂದುಕೊಂಡಿದ್ದಳು. ಹಾಗಲ್ಲ ಅಂತ ನಾನು ಎಲ್ಲಿ ಹೇಳಿದ್ದೆ?

ದೊಡ್ಡ ಪ್ಯಾಕೆಟ್‌ನಲ್ಲಿ 20.5 ಗ್ರಾಂ ಪುಡಿ ಇರುತ್ತದೆ. ಅದರಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಒಂದು ಲೀಟರಿಗೆ ಬೆರೆಸಿದಾಗ ಗ್ಲೂಕೋಸ್ ಮತ್ತು ಉಪ್ಪು ಜೊತೆಯಾಗಿ ಕರುಳಿನಿಂದ ರಕ್ತಕ್ಕೆ ಸೇರುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಲೋಟಕ್ಕೆ ಬೆರೆಸಿದರೆ ಉಲ್ಟಾ. ಮೈಯೊಳಗಿನ ನೀರೇ ಕರುಳಿಗೆ ಬರುತ್ತದೆ, ರಕ್ತದಲ್ಲಿ ಉಪ್ಪು ಏರುತ್ತದೆ. ಅಂದರೆ ಭೇದಿ ಜಾಸ್ತಿಯಾಯಿತು ಅಂತ ಆ ಅತ್ತೆ ಹೇಳಿದ್ದು ನಿಜವೇ ಆಗಿತ್ತು. ಮಗುವಿನ ಬಾಯಿಗೆ ಏನು ಹೋಗಬೇಕು ಅಂತ ಆ ಮನೆಯಲ್ಲಿ ತೀರ್ಮಾನ ಮಾಡುವವರು ಅವರು. ನನ್ನ ಸಭೆಗೆ ಕರೆಯದೇ ಬಿಟ್ಟದ್ದೂ ಅವರನ್ನೇ.

ಹಾಗಾಗಿ ಅರಿವಿಲ್ಲ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಪೋಸ್ಟರ್ ದುಡ್ಡನ್ನು ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳಿ.

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಕಥೆಯನ್ನು ನಾನು ಆಮೇಲೆ ಕೇಳಿದೆ. 1980ರಿಂದ 1990ರವರೆಗೆ ಅವರು ಮನೆಮನೆಗೆ ಹೋಗಿ 1 ಕೋಟಿಗೂ ಹೆಚ್ಚು ತಾಯಂದಿರಿಗೆ ಇಂಥದ್ದೇ ನೀರನ್ನು ಮನೆಯಲ್ಲೇ ಮಾಡುವುದನ್ನು ಕಲಿಸಿದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು (ಅವರ ಅಳತೆಯಲ್ಲಿ ಸುಮಾರು ಅರ್ಧ ಲೀಟರ್) ನೀರು. ತಾಯಿಯೇ ತನ್ನ ಕೈಯಾರೆ ಕಲಕಬೇಕು. ಆಕೆಗೆ ಎಷ್ಟು ನೆನಪಿದೆ ಅನ್ನುವುದರ ಮೇಲೆ ಕಲಿಸಿದವರಿಗೆ ಸಂಬಳ. ಇಷ್ಟಾದರೂ ಮೊದಮೊದಲು ಕಲಿತವರು ಬಳಸುತ್ತಿರಲಿಲ್ಲ. ವಿಚಾರಿಸಿದರೆ, ಕಲಿಸುವವರಿಗೇ ಅದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ. ಗಂಡಸರನ್ನಂತೂ ಯಾರೂ ಮಾತಾಡಿಸಿಯೇ ಇರಲಿಲ್ಲ. ಆಮೇಲೆ ಕಾರ್ಯಕರ್ತೆಯರು ತಾವೇ ಕುಡಿದು ತೋರಿಸಿದರು. ಸಂತೆಯಲ್ಲಿ, ಮಸೀದಿಯಲ್ಲಿ ಗಂಡಸರ ಜೊತೆ ಮಾತಾಡಿದರು.

ಈಗ ನಾನು ಸಭೆ ಕರೆಯುವುದಿಲ್ಲ, ಮನೆಗೇ ಹೋಗುತ್ತೇನೆ. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಒಯ್ಯುತ್ತೇನೆ. ಅದರ ನೀರು ಅವರ ಮನೆಯ ಚೊಂಬಿನಲ್ಲಿ ಎಷ್ಟಾಗುತ್ತೆ ಅಂತ ಅಜ್ಜಿಯ ಕೈಯಲ್ಲೇ ಅಳೆಸುತ್ತೇನೆ, ಅವರಿಂದಲೇ ಕಲಕಿಸುತ್ತೇನೆ. ಮೊದಲು ನಾನು ಕುಡಿಯುತ್ತೇನೆ, ಆಮೇಲೆ ಅಜ್ಜಿ. ರುಚಿ ಕಣ್ಣೀರಿಗಿಂತ ಉಪ್ಪಾಗಿದ್ದರೆ ಎಲ್ಲೋ ಅಳತೆ ತಪ್ಪಿದೆ ಅಂತ ಅರ್ಥ. ಅಂಗಡಿಯ ಚಿಕ್ಕ ಪ್ಯಾಕೆಟ್ 200 ಮಿಲಿಗೆ ಮಾತ್ರ ಇರಬಹುದು, ಮೇಲೆ ಬರೆದದ್ದನ್ನು ಓದಿಯೇ ಒಡೆಯಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಿ: ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ, ಹೋದ ನೀರು ಮತ್ತು ಉಪ್ಪನ್ನು ತುಂಬಿಕೊಡುತ್ತದೆ. ಇದನ್ನು ಹೇಳದಿದ್ದರೆ ಸಂಜೆಯೊಳಗೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಶುರು ಮಾಡಬೇಕು. 24 ಗಂಟೆಯಾದ ಮೇಲೆ ಉಳಿದದ್ದು ಚೆಲ್ಲಬೇಕು. ಚೆಲ್ಲಲು ಮನಸ್ಸು ಬರುವುದಿಲ್ಲ, ಇನ್ನೊಂದು ಪ್ಯಾಕೆಟ್ ಕೈಗೆ ಕೊಟ್ಟೇ ಹೇಳಿ. ಎದೆಹಾಲು ನಿಲ್ಲಿಸಬಾರದು. ಊಟ ಶುರು ಮಾಡಿದ ಮಗುವಿಗೆ ಅಜ್ಜಿ ಗಂಜಿ ಮಾಡಿಕೊಡುತ್ತೇನೆ ಅಂದರೆ ಖಂಡಿತ ಕೊಡಲಿ.

ಓಆರ್‌ಎಸ್ ಜೊತೆಗೆ ಕೊಡುವ ಜಿಂಕ್ ಮಾತ್ರೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಎಲ್ಲರೂ ಮೂರನೇ ದಿನಕ್ಕೇ ಬಿಡುತ್ತಾರೆ, ಆ ವಾರದಲ್ಲಿ ಇನ್ನೊಂದು ಸಲ ಮನೆಗೆ ಹೋಗಿ ಬನ್ನಿ.

ತಡೆಯುವ ವಿಷಯದಲ್ಲಿ ಒಂದಕ್ಕೇ ಹಟ ಹಿಡಿಯಿರಿ. ಮಗುವಿನ ಕಕ್ಕದಿಂದ ಏನೂ ಆಗಲ್ಲ ಅಂತ ತಿಪ್ಪೆಗೆ ಎಸೆಯುತ್ತಾರೆ. ಅದು ಶೌಚಾಲಯಕ್ಕೇ ಹೋಗಬೇಕು, ಆಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಮಗುವಿನ 6, 10, 14ನೇ ವಾರದ ರೋಟಾವೈರಸ್ ಲಸಿಕೆಯ ಹನಿ ತಪ್ಪಿದೆಯಾ ಅಂತ ತಾಯಿ ಕಾರ್ಡ್ ನೋಡಿ.

ಗಂಡಸರನ್ನು ಬಿಡಬೇಡಿ. ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಲು ಬೈಕು, ದುಡ್ಡು ಅವರ ಕೈಯಲ್ಲೇ ಇರುತ್ತದೆ. ಕಣ್ಣು ಗುಳಿಬೀಳುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಹಿಂದೆ ಹೋಗುವುದು, ಮಂಕಾಗುವುದು, ಕುಡಿಯಲಾಗದಿರುವುದು, ಭೇದಿಯಲ್ಲಿ ರಕ್ತ. ಇವನ್ನು ಅಪ್ಪಂದಿರ ಬಾಯಲ್ಲೂ ಹೇಳಿಸಿ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಲಿ. ಮಗು ಕುಡಿಯುವಂತಿದ್ದರೆ ದಾರಿಯುದ್ದಕ್ಕೂ ಓಆರ್‌ಎಸ್ ಕೊಡುತ್ತಲೇ ಇರಲಿ.