ಸಂಜೆಗೆ ಮೇಲೇಳುವ ‘ಸಮುದ್ರದ ನೆಲ’

ಪ್ರಶ್ನೆ: ಸಮುದ್ರದ ಮಬ್ಬುಗತ್ತಲ ವಲಯದಲ್ಲಿ ಯಾವ ಯಾವ ಜೀವಿಗಳು ಒಟ್ಟಿಗೆ ಬದುಕುತ್ತವೆ ಅಂತ ಹೇಗೆ ಕಂಡುಹಿಡಿಯುತ್ತಾರೆ? ನಮ್ಮ ಬೈತಖೋಲ ಬಂದರಿನ ಬೋಟುಗಳ ಬಲೆಗೆ ಅವು ಬೀಳುವುದಿಲ್ಲವೇ?
– ಓದುಗರೊಬ್ಬರು, ಕಾರವಾರ

ಉತ್ತರ: ಆ ವಲಯ ಇರುವುದು 200ರಿಂದ 1000 ಮೀಟರ್ ಆಳದಲ್ಲಿ. ಕಾರವಾರದ ದಡದ ಹತ್ತಿರ ಅಷ್ಟು ಆಳ ಎಲ್ಲಿದೆ? ಬಹಳ ದೂರ ಹೋಗಬೇಕು.

ಮೊದಲ ಸುಳಿವು ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ. ಜಲಾಂತರ್ಗಾಮಿ ಹುಡುಕಲು ಬಿಟ್ಟ ಶಬ್ದ ನಡುನೀರಿನಲ್ಲೇ ಎಲ್ಲಿಗೋ ಬಡಿದು ವಾಪಸ್ ಬರುತ್ತಿತ್ತು. ಸಮುದ್ರದ ತಳವೇ ಇರಬೇಕು ಅಂದುಕೊಂಡರೆ, ಆ ‘ತಳ’ ಸಂಜೆಯಾದರೆ ಮೇಲೆ ಬರುತ್ತಿತ್ತು, ಬೆಳಗಾದರೆ ಕೆಳಗೆ ಇಳಿಯುತ್ತಿತ್ತು! ನೆಲ ಎಲ್ಲಾದರೂ ಓಡಾಡುತ್ತದಾ? ಅದು ಜೀವಿಗಳ ಗುಂಪು. ಸಣ್ಣ ಮೀನುಗಳ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಶಬ್ದ ತಾಗಿ ಮರಳುತ್ತಿತ್ತು. ರಾತ್ರಿ ಮೇಲೆ ಬಂದು ಹೊಟ್ಟೆ ತುಂಬಿಸಿಕೊಂಡು, ಹಗಲು ತಮ್ಮನ್ನು ತಿನ್ನುವವರ ಕಣ್ಣು ತಪ್ಪಿಸಲು ಕತ್ತಲೆಗೆ ಇಳಿಯುವುದು ಅವುಗಳ ದಿನಚರಿ.

ಈಗಲೂ ಶಬ್ದವೇ ಮುಖ್ಯ ಸಾಧನ, ಆದರೆ ಅದು ಗುಂಪನ್ನು ತೋರಿಸುತ್ತದೆಯೇ ಹೊರತು ಹೆಸರು ಹೇಳುವುದಿಲ್ಲ. ಅದಕ್ಕೆ ಬೇರೆ ಬೇರೆ ಆಳದಲ್ಲಿ ತೆರೆದು ಮುಚ್ಚುವ ಬಲೆ ಬೇಕು. ಬಲೆಯಲ್ಲೂ ತಾಪತ್ರಯ ಇದೆ: ಚುರುಕಾದ ಬೊಂಡಾಸ್ (ಸ್ಕ್ವಿಡ್) ತಪ್ಪಿಸಿಕೊಳ್ಳುತ್ತದೆ, ಜೆಲ್ಲಿ ಮೀನು ಹರಿದು ಲೋಳೆಯಾಗುತ್ತದೆ, ಹಾಗಾಗಿ ಕ್ಯಾಮೆರಾ ಇಳಿಸುತ್ತಾರೆ, ನೀರಿನಲ್ಲಿ ಉಳಿದ ಡಿಎನ್‌ಎ ಕೂಡ ಪರೀಕ್ಷಿಸುತ್ತಾರೆ.

ನಮ್ಮ ಅರಬ್ಬಿ ಸಮುದ್ರದಲ್ಲಂತೂ ಆ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ. ಆದರೂ ಬೆರಳುದ್ದದ ಲ್ಯಾಂಟರ್ನ್ ಮೀನುಗಳು, ಹೊಟ್ಟೆಯ ಬದಿಯಲ್ಲಿ ಮಿಣುಕು ದೀಪ ಹೊತ್ತು, ಹಗಲೆಲ್ಲ ಅಲ್ಲೇ ಇರುತ್ತವೆ.