ಬ್ರೆಕ್ಸಿಟ್‌ಗೆ (ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವುದಕ್ಕೆ) ಮತ ಹಾಕಿದ ಭಾರತೀಯರು ಸುಳ್ಳಿಗೆ ಮರುಳಾದವರಾ? ಬ್ರಿಟನ್ ಮತ್ತೆ ಒಕ್ಕೂಟದ ಕಸ್ಟಮ್ಸ್ ಯೂನಿಯನ್ (ಒಳಗಿನವರ ನಡುವೆ ಸುಂಕವಿಲ್ಲದ, ಹೊರಗಿನವರಿಗೆ ಒಂದೇ ಸುಂಕದ ಕೂಟ) ಸೇರುವವರೆಗೆ ನನ್ನ ವ್ಯಾಪಾರ ಶುರು ಮಾಡದೆ ಕಾಯಲಾ?

ಚನ್ನಪಟ್ಟಣದ ಗೊಂಬೆ ತರಿಸಿ ಇಂಗ್ಲೆಂಡಿನಲ್ಲೂ ಜರ್ಮನಿಯಲ್ಲೂ ಮಾರಬೇಕು ಅಂತಿದ್ದೀರಿ. ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ನೀವು ಹೇಳುವ ಆ ಮರುಳಾದ ಭಾರತೀಯ ನಾನೇ. ಯೂರೋಪಿಗೆ ಡಬ್ಬಿ ಕಳಿಸಿ ಕೈ ಸುಟ್ಟುಕೊಂಡವನೂ ನಾನೇ.

2016ರ ಜೂನ್ 23, ಬ್ರೆಕ್ಸಿಟ್ ಮತದಾನದ ದಿನ. ಆಗ ನನ್ನದು ಇನ್ನೂ ಭಾರತದ ಪಾಸ್‌ಪೋರ್ಟು. ಆದರೂ ಕಾಮನ್‌ವೆಲ್ತ್ ದೇಶದವನು ಅಂತ ನನಗೆ ಮತ ಇತ್ತು. ಪಕ್ಕದ ಮನೆಯ ಪೋಲೆಂಡಿನವನು ನನಗಿಂತ ಮೊದಲೇ ಲಂಡನ್ ಹತ್ತಿರದ ಈ ಸ್ಲೌ ಊರಿಗೆ ಬಂದವನು. ಅವನಿಗೆ ಇರಲಿಲ್ಲ. ಬೆಳಿಗ್ಗೆ ಅವನು ಕೆಲಸಕ್ಕೆ ವ್ಯಾನು ಹತ್ತುತ್ತಿದ್ದ, ನಾನು ಮತಗಟ್ಟೆಗೆ ಹೊರಟಿದ್ದೆ. ಅವನು ಕೈ ಬೀಸಿದ, ನಾನೂ ಬೀಸಿದೆ. ಹೋಗಿ ‘ಬಿಟ್ಟು ಬರೋಣ’ ಅನ್ನುವ ಕಡೆ ಗುರುತು ಹಾಕಿ ಬಂದೆ.

ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಹೋಗುತ್ತದೆ ಅಂತ ಬಿಡುವ ಕಡೆಯವರು ಪ್ರಚಾರದ ಬಸ್ಸಿನ ಮೇಲೆ ಬರೆಸಿದ್ದ ಲೆಕ್ಕ ನಾನು ನಂಬಿರಲಿಲ್ಲ. ನನ್ನ ಸಿಟ್ಟೇ ಬೇರೆ. ಅಪ್ಪ ಹೋದ ಮೇಲೆ ದಾವಣಗೆರೆಯಲ್ಲಿ ಅಮ್ಮ ಒಬ್ಬಳೇ ಇದ್ದಳು. 2012ರ ಜುಲೈಯಲ್ಲಿ ಇಲ್ಲಿನ ಸರ್ಕಾರ ವೀಸಾ ನಿಯಮ ಬಿಗಿ ಮಾಡಿತು. ಅಮ್ಮನನ್ನು ಕರೆಸಿಕೊಳ್ಳಬೇಕಾದರೆ ಅವಳಿಗೆ ತನ್ನ ದಿನದ ಕೆಲಸ ತಾನೇ ಮಾಡಿಕೊಳ್ಳಲು ಆಗುವುದಿಲ್ಲ ಅಂತ ತೋರಿಸಬೇಕು. ಜೊತೆಗೆ, ನಾನು ದುಡ್ಡು ಕಳಿಸಿದರೂ ಅಲ್ಲಿ ನೋಡಿಕೊಳ್ಳುವವರು ಸಿಗುವುದಿಲ್ಲ ಅಂತಲೂ ತೋರಿಸಬೇಕು. ಅಷ್ಟು ಹಾಸಿಗೆ ಹಿಡಿದವರು ವಿಮಾನ ಹತ್ತುವುದು ಹೇಗೆ? ಅದೇ ಪೋಲೆಂಡಿನವನಾದರೆ ತನ್ನನ್ನೇ ನೆಚ್ಚಿಕೊಂಡ ತಾಯಿಯನ್ನು ಅಷ್ಟೆಲ್ಲ ಪರೀಕ್ಷೆ ಇಲ್ಲದೆ ಕರೆಸಿಕೊಳ್ಳಬಹುದಿತ್ತು. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ. ಬಿಡುವ ಕಡೆಯಿದ್ದ ಆಗಿನ ಮಂತ್ರಿ ಪ್ರೀತಿ ಪಟೇಲ್ ಅವರಂಥವರು ಕರಿ ಹೋಟೆಲುಗಳಿಗೆ ಭಾರತ, ಬಾಂಗ್ಲಾದಿಂದ ಅಡುಗೆಯವರು ಬರಲು ಆಗುತ್ತಿಲ್ಲ, ಯೂರೋಪಿನವರಿಗೆ ಮಾತ್ರ ಬಾಗಿಲು ತೆರೆದಿದೆ ಅಂತ ಪ್ರಚಾರ ಮಾಡಿದಾಗ ನನಗೆ ಕೇಳಿಸಿದ್ದು ನಮ್ಮಮ್ಮನ ಹೆಸರು. ಸ್ಲೌನಲ್ಲಿ ಶೇ 54ರಷ್ಟು ಮತ ಬಿಟ್ಟು ಬರುವುದಕ್ಕೇ ಬಿತ್ತು. ಅದರಲ್ಲಿ ನನ್ನಂಥವರು ಎಷ್ಟೋ.

ಹಾಗಾಗಿ ನಮ್ಮನ್ನು ಮರುಳಾದವರು ಅನ್ನಬೇಡಿ. ಸಿಟ್ಟನ್ನು ತಪ್ಪು ವಿಳಾಸಕ್ಕೆ ಪೋಸ್ಟ್ ಮಾಡಿದೆವು ಅಂತ ಬೇಕಾದರೆ ಅನ್ನಿ, ಒಪ್ಪುತ್ತೇನೆ. ಆ ವೀಸಾ ನಿಯಮ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿನದಲ್ಲ, ಲಂಡನ್ನಿನದೇ. ಪೋಲೆಂಡಿನವರ ದಾರಿ ಮುಚ್ಚಿತು. ಅಮ್ಮನ ದಾರಿ ತೆರೆಯಲಿಲ್ಲ.

ಕಸ್ಟಮ್ಸ್ ಯೂನಿಯನ್ ಅನ್ನುವ ಪದ ಆ ದಿನ ನನ್ನ ತಲೆಯಲ್ಲಿ ಇರಲೇ ಇಲ್ಲ. ‘ಉಳಿಯೋಣ’ ಅಂದ ನನ್ನ ಗೆಳೆಯರ ತಲೆಯಲ್ಲೂ ಇರಲಿಲ್ಲ. 2019ರ ಏಪ್ರಿಲ್ 1ರಂದು ಒಕ್ಕೂಟದ ಜೊತೆ ಕಸ್ಟಮ್ಸ್ ಯೂನಿಯನ್ ಬೇಕು ಅನ್ನುವುದಕ್ಕೂ ಇಲ್ಲಿನ ಸಂಸತ್ತಿನಲ್ಲಿ ಮತ ನಡೆಯಿತು. 273 ಪರ, 276 ವಿರುದ್ಧ. ಬರೀ ಮೂರು ಮತದಲ್ಲಿ ಬಿದ್ದುಹೋಯಿತು. ಆಗ ನಾನೂ ನನ್ನ ಹೆಂಡತಿಯೂ ಮಕ್ಕಳ ಬಟ್ಟೆಯ ಸಣ್ಣ ವ್ಯಾಪಾರ ಶುರು ಮಾಡಿದ್ದೆವು. ಟಿವಿ ಮುಂದೆ ಕೂತು ಬೆಲೆ ಚೀಟಿ ಅಂಟಿಸುತ್ತಿದ್ದೆವು. “ಏನ್ರೀ ಅದು ಗಲಾಟೆ?” ಅಂದಳು. “ಏನೋ ಕಸ್ಟಮ್ಸ್ ಅಂತೆ” ಅಂದೆ. ಅಷ್ಟೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

2020ರ ಡಿಸೆಂಬರ್ 24ಕ್ಕೆ ಬ್ರಿಟನ್ನಿಗೂ ಐರೋಪ್ಯ ಒಕ್ಕೂಟಕ್ಕೂ ವ್ಯಾಪಾರ ಒಪ್ಪಂದ ಆಯಿತು. ಎಲ್ಲ ಕಡೆ ಒಂದೇ ಸುದ್ದಿ: ಸೊನ್ನೆ ಸುಂಕ, ಸೊನ್ನೆ ಕೋಟಾ. ನಾನು ಉಸಿರು ಬಿಟ್ಟೆ. ನಮ್ಮ ಫ್ರಾಕು, ಜುಬ್ಬಾ ಎಲ್ಲ ಪೀಣ್ಯದ ಕಡೆ ಒಂದು ಸಣ್ಣ ಗಾರ್ಮೆಂಟ್ಸ್‌ನಲ್ಲಿ ಹೊಲಿಸಿದ್ದು. ಸ್ಲೌಗೆ ತರಿಸಿ, ಇಸ್ತ್ರಿ ಮಾಡಿ, ನಮ್ಮ ಹೆಸರಿನ ಲೇಬಲ್ ಹಾಕಿ, ಚಂದದ ಡಬ್ಬಿಗೆ ತುಂಬಿ ಕಳಿಸುತ್ತಿದ್ದೆವು. 2021ರ ಫೆಬ್ರವರಿಯಲ್ಲಿ ನೆದರ್ಲೆಂಡ್ಸಿನ ಐಂಡ್‌ಹೋವನ್‌ನ ಒಂದು ಅಂಗಡಿಯಿಂದ ಯುಗಾದಿಗೆ ಅಂತ ಆರ್ಡರ್ ಬಂತು. 3,200 ಪೌಂಡಿನ ಮಾಲು, ಆರು ಡಬ್ಬಿ. ಫಾರಂ ತುಂಬುವಾಗ ‘ಮೂಲ ದೇಶ’ ಅಂತ ಒಂದು ಜಾಗ. ಸ್ಲೌನಿಂದ ತಾನೇ ಹೊರಡುವುದು? ಬ್ರಿಟನ್ ಅಂತ ಬರೆದೆ. ಸೊನ್ನೆ ಸುಂಕ ಬೇಕಾದರೆ ಇನ್‌ವಾಯ್ಸ್ ಮೇಲೆ ‘ಇದು ಇಲ್ಲಿನ ಮೂಲದ ಸರಕು’ ಅಂತ ಒಂದು ವಾಕ್ಯ ಇರಬೇಕು ಅಂತ ಎಲ್ಲೋ ಓದಿದ್ದೆ. ಅದನ್ನೂ ಹಾಕಿ ಸಹಿ ಮಾಡಿದೆ. ಸುಳ್ಳು ಹೇಳಬೇಕು ಅಂತ ಅಲ್ಲ, ದೇವರಾಣೆಗೂ ಗೊತ್ತಿರಲಿಲ್ಲ.

ಅಲ್ಲಿನ ಕಸ್ಟಮ್ಸ್‌ನವರು ಡಬ್ಬಿ ಬಿಚ್ಚಿ ನೋಡಿದರೆ ಪ್ರತಿ ಫ್ರಾಕಿನ ಕತ್ತಿನ ಒಳಗೆ ‘ಮೇಡ್ ಇನ್ ಇಂಡಿಯಾ’.

ನಾನು ಅವರಿಗೆ ಉದ್ದಕ್ಕೆ ಈಮೇಲ್ ಬರೆದೆ. ಬ್ರಿಟನ್ನಿಗೆ ತರುವಾಗಲೇ ಸುಂಕ ಕಟ್ಟಿದ್ದೇನೆ, ರಸೀದಿ ಇದೆ, ಸಣ್ಣ ಸಂಸಾರ, ಹಬ್ಬ ಹತ್ತಿರ ಬಂತು ಅಂತೆಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಒಂದೇ ಸಾಲಿನ ಉತ್ತರ: ಬಟ್ಟೆ ನೇಯ್ದದ್ದು ಎಲ್ಲಿ, ಹೊಲಿದದ್ದು ಎಲ್ಲಿ?

ಅದೇ ನೋಡಿ ನನಗೆ ಗೊತ್ತಿಲ್ಲದೇ ಹೋದದ್ದು. ಮಂಗಳೂರು ಬಂದರಿನಲ್ಲಿ ಒಮ್ಮೆ ಕಸ್ಟಮ್ಸ್ ಕಟ್ಟಿದ ಮಾಲು ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೆ ಯಾರೂ ಮತ್ತೆ ಕಸ್ಟಮ್ಸ್ ಕೇಳುವುದಿಲ್ಲ ಅಲ್ವಾ? ಕಸ್ಟಮ್ಸ್ ಯೂನಿಯನ್ ಅಂದರೆ ಅದು. ಹೊರಗಿನ ಗೋಡೆ ಒಂದೇ, ಒಳಗೆ ಬಂದ ಮೇಲೆ ಹುಟ್ಟೂರು ಕೇಳುವವರಿಲ್ಲ. ಬ್ರಿಟನ್ ಮಾಡಿಕೊಂಡದ್ದು ಬರೀ ವ್ಯಾಪಾರ ಒಪ್ಪಂದ. ಅದರಲ್ಲಿ ಸೊನ್ನೆ ಸುಂಕ ಇರುವುದು ಬ್ರಿಟನ್ನಿನಲ್ಲೋ ಒಕ್ಕೂಟದಲ್ಲೋ ‘ಹುಟ್ಟಿದ’ ಸರಕಿಗೆ ಮಾತ್ರ. ಇಸ್ತ್ರಿ ಮಾಡಿದರೆ ಹುಟ್ಟು ಬದಲಾಗುವುದಿಲ್ಲ. ಲೇಬಲ್ ಹಾಕಿದರೂ ಇಲ್ಲ, ಡಬ್ಬಿ ಬದಲಿಸಿದರೂ ಇಲ್ಲ. ಒಪ್ಪಂದದಲ್ಲೇ ಹಾಗೆ ಬರೆದಿದೆ. ಇಲ್ಲಿನ ದೊಡ್ಡ ಅಂಗಡಿ ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನ ಹಂದಿ ಮುಖದ ಪರ್ಸಿ ಪಿಗ್ ಮಿಠಾಯಿಗೇ ಈ ತೊಡಕು ಬಂದಿತ್ತು. ಜರ್ಮನಿಯಲ್ಲಿ ತಯಾರಾಗಿ, ಬ್ರಿಟನ್ನಿಗೆ ಬಂದು, ಅಲ್ಲಿಂದ ಐರ್ಲೆಂಡಿಗೆ ಹೊರಟರೆ ಸುಂಕ. ಯೂರೋಪಿನಲ್ಲೇ ಹುಟ್ಟಿದ ಹಂದಿಮರಿಗೆ ಆ ಗತಿ. ನಮ್ಮ ಪೀಣ್ಯದ ಫ್ರಾಕು ಯಾವ ಲೆಕ್ಕ?

ಸಾಗಣೆ 150 ಪೌಂಡ್ ಸೇರಿಸಿ ಶೇ 12ರ ಸುಂಕ, 402 ಪೌಂಡ್. ಒಟ್ಟು ಮೊತ್ತದ ಮೇಲೆ ನೆದರ್ಲೆಂಡ್ಸಿನ ಶೇ 21 ವ್ಯಾಟ್, ಹತ್ತಿರ ಹತ್ತಿರ 788. ವ್ಯಾಟನ್ನು ಅಂಗಡಿಯವರು ಆಮೇಲೆ ವಾಪಸ್ ಪಡೆಯಬಹುದಿತ್ತು. ಸುಂಕ ಹೋದದ್ದು ಹೋದದ್ದೇ. ಅಂದರೆ ಒಂದೇ ಫ್ರಾಕಿಗೆ ಎರಡು ಸಲ ಸುಂಕ. ಯಾರು ಕಟ್ಟಬೇಕು ಅಂತ ಜಗಳ ಆಗುವಷ್ಟರಲ್ಲಿ ಏಪ್ರಿಲ್ 13 ಬಂತು, ಯುಗಾದಿ ಮುಗಿಯಿತು. ಅಂಗಡಿಯವರು ಬೇಡ ಅಂದರು. ಡಬ್ಬಿಗಳು ವಾಪಸ್ ಬಂದವು, ಕೊರಿಯರ್ ಬಿಲ್ ಸಮೇತ.

ಈಗ ನಿಮ್ಮ ವಿಷಯ. ಕಾಯಬೇಡಿ. ಈಗಿನ ಲೇಬರ್ ಸರ್ಕಾರ 2024ರ ಚುನಾವಣೆಯಲ್ಲೇ ಕಸ್ಟಮ್ಸ್ ಯೂನಿಯನ್‌ಗೂ ವಾಪಸ್ ಹೋಗಲ್ಲ, ಸಿಂಗಲ್ ಮಾರ್ಕೆಟ್‌ಗೂ (ಒಕ್ಕೂಟದ ಒಂದೇ ನಿಯಮದ ಮಾರುಕಟ್ಟೆಗೂ) ಹೋಗಲ್ಲ ಅಂತ ಹೇಳಿ ಗೆದ್ದು ಬಂದದ್ದು. ಇರಲಿ, ನಾಳೆ ಮನಸ್ಸು ಬದಲಿಸಿದರು ಅಂತಲೇ ಇಟ್ಟುಕೊಳ್ಳಿ. ಸುಂಕದ ಗೋಡೆ ಒಂದೇ ಆದರೆ ಬ್ರಿಟನ್ ಭಾರತಕ್ಕೆ ಅಂತ ಬೇರೆ ದರ ಇಟ್ಟುಕೊಳ್ಳಲು ಆಗುವುದಿಲ್ಲ. 2025ರ ಜುಲೈ 24ಕ್ಕೆ ಸಹಿ ಹಾಕಿದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದ ಗತಿ ಏನು? ಕಸ್ಟಮ್ಸ್ ಯೂನಿಯನ್ನೂ ಬೇಕು, ಭಾರತದ ಒಪ್ಪಂದವೂ ಬೇಕು ಅಂತೀರೇನೋ. ನಾನೂ 2016ರಲ್ಲಿ ಹಾಗೇ ಅಂದುಕೊಂಡಿದ್ದೆ. ಕಸ್ಟಮ್ಸ್ ಯೂನಿಯನ್ ಸೇರಿದ ಮಾತ್ರಕ್ಕೆ ಗಡಿಯ ಕಾಯುವಿಕೆಯೂ ತಪ್ಪುವುದಿಲ್ಲ. ಟರ್ಕಿ 1995ರ ಕೊನೆಯಿಂದ ಒಕ್ಕೂಟದ ಜೊತೆ ಕಸ್ಟಮ್ಸ್ ಯೂನಿಯನ್‌ನಲ್ಲಿದೆ, ಆದರೂ ಬಲ್ಗೇರಿಯಾ ಗಡಿಯಲ್ಲಿ ಅದರ ಲಾರಿಗಳು ಸಾಲು ನಿಲ್ಲುತ್ತವೆ.

ಇನ್ನೊಂದು. ಗೊಂಬೆಗೆ ಸುಂಕ ಅಷ್ಟೇನೂ ಜಾಸ್ತಿ ಅಲ್ಲ. ನಿಮಗೆ ತಲೆನೋವು ಕೊಡುವುದು ಸಿಇ ಗುರುತು, ಅಂದರೆ ಸರಕು ಒಕ್ಕೂಟದ ಸುರಕ್ಷತೆ ನಿಯಮಕ್ಕೆ ಹೊಂದುತ್ತದೆ ಅನ್ನುವ ಗುರುತು. ಮಕ್ಕಳ ಆಟಿಕೆಯ ಸುರಕ್ಷತೆ ಪರೀಕ್ಷೆ, ಅದರ ಕಾಗದಪತ್ರ, ಒಕ್ಕೂಟದ ಒಳಗೇ ಹೊಣೆ ಹೊರುವ ಒಬ್ಬ ವ್ಯಕ್ತಿಯೋ ಕಂಪನಿಯೋ, ಎಲ್ಲ ಬೇಕು. ಚನ್ನಪಟ್ಟಣದಲ್ಲಿ ಅರಗಿಗೆ ಯಾವ ಬಣ್ಣ ಬೆರೆಸುತ್ತಾರೆ ಅಂತ ಈಗಲೇ ಕೇಳಿ ಇಟ್ಟುಕೊಳ್ಳಿ. ಮತ್ತೆ ಜರ್ಮನಿಯ ಮಾಲನ್ನು ಚನ್ನಪಟ್ಟಣದಿಂದ ನೇರ ಜರ್ಮನಿಗೇ ಕಳಿಸಿ. ಇಂಗ್ಲೆಂಡಿಗೆ ತಂದು ಸುತ್ತು ಹೊಡೆಸಬೇಡಿ. ಇಲ್ಲಿ ಮಾಲು ಇಡಲು ಸ್ನೇಹಿತರ ಗ್ಯಾರೇಜು ಸುಮ್ನೆ ಸಿಗುತ್ತದೆ ಅಂತಲೂ ತರಿಸಬೇಡಿ. ನಾವು ಮಾಲು ಇಟ್ಟದ್ದೂ ಗ್ಯಾರೇಜಿನಲ್ಲೇ.

ಅಮ್ಮ ಈಗ ತಮ್ಮನ ಮನೆಯಲ್ಲಿದ್ದಾಳೆ. ಪೋಲೆಂಡಿನವನು 2022ರಲ್ಲಿ ಮನೆ ಮಾರಿ ವಾಪಸ್ ಹೋದ. ಆ ಆರು ಡಬ್ಬಿಯಲ್ಲಿ ಒಂದು ಇನ್ನೂ ಉಳಿದಿದೆ, ಎರಡು ವರ್ಷದ ಮಗುವಿನ ಅಳತೆಯ ಫ್ರಾಕು, ಹಳದಿ ಬಣ್ಣ. ಸ್ಲೌ ಕಡೆ ಬಂದರೆ, ಪರಿಚಯದವರಿಗೆ ಮಗು ಇದ್ದರೆ ಹೇಳಿ, ಕೊಡುತ್ತೇನೆ.